ಗೋಡೆಯಾಚೆಯ ಕಾವು

“ಪಂಪಿಗೆ ಏನೂ ಆಗಿಲ್ಲ ಮೇಡಂ. ಮೂರು ಸಲ ಪರೀಕ್ಷೆ ಮಾಡಿದೀನಿ. ಚಿನ್ನದಂಥ ಪಂಪು!”

“ಚಿನ್ನದಂಥ ಪಂಪು ಮನುಷ್ಯನ್ನ ಕೊಂದದ್ದು ಹೇಗೆ?”

ಗುಡುಗಮ್ಮನ ಪ್ರಶ್ನೆ ಖಾಲಿ ವಾರ್ಡಿನ ನಾಲ್ಕೂ ಗೋಡೆಗೆ ಬಡಿದು ವಾಪಸು ಬಂತು. ಮೆಲ್ಲಗೆ ಮಾತಾಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಪೊಲೀಸ್ ಇಲಾಖೆಯಲ್ಲಿದ್ದಾಗಲೇ ಬಲಗಿವಿ ಮಂದವಾಗಿತ್ತು. ನಿವೃತ್ತರಾದ ಮೇಲೆ ಆ ಕಿವಿಗೆ ಮೆಷಿನ್ ಬಂದರೂ, ತಮಗೆ ಕೇಳಿಸದ್ದು ಎದುರಿನವರಿಗೂ ಕೇಳಿಸದು ಎಂಬ ನಂಬಿಕೆ ಮಾತ್ರ ಹೋಗಲಿಲ್ಲ. ಹೀಗಾಗಿ ಇಲಾಖೆಯವರು ಇಟ್ಟ ಅಡ್ಡಹೆಸರೇ ಊರಿಗೆಲ್ಲ ಹೆಸರಾಗಿತ್ತು.

ಎದುರಿಗಿದ್ದವನು ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಎಂಜಿನಿಯರ್. ನರ್ಸುಗಳ ಬಾಯಲ್ಲಿ ಅವನು ಮೆಷಿನ್ ಡಾಕ್ಟರು.

“ಅದು ಆ ಹುಡುಗಿ ಕೈತಪ್ಪು ಮೇಡಂ. ಸೊನ್ನೆ ಒಂದು ಜಾಸ್ತಿ ಒತ್ತಿದಾಳೆ. ಈಗ ಪಂಪಿನ ಮೇಲೆ ಹಾಕ್ತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

“ನೆಲ ನಿಜವಾಗ್ಲೂ ಡೊಂಕಾಗಿದ್ರೆ ಏನ್ ಮಾಡ್ತೀಯಪ್ಪ? ಯಾರಾದ್ರೂ ಬಗ್ಗಿ ನೋಡಿದೀರಾ?”

ಮೆಷಿನ್ ಡಾಕ್ಟರು ಅರಿಯದೆ ಕಾಲಡಿಯ ನೆಲ ನೋಡಿದ.

ಕಳೆದ ವಾರ ಈ ವಾರ್ಡಿನ ಮೂಲೆಯ ಮಂಚದಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡಿದ್ದರು. ಆಮೇಲೆ ವಾರ್ಡ್ ಖಾಲಿ ಮಾಡಿಸಿದ್ದರು. ರಕ್ತದೊತ್ತಡ ಏರಿಸುವ ಔಷಧಿಯನ್ನು ಸಿರಿಂಜಿಗೆ ತುಂಬಿ ಪಂಪಿಗೆ ಸಿಕ್ಕಿಸಿದ್ದರು. ಹನಿ ಹನಿಯಾಗಿ ಅರ್ಧ ದಿನ ಇಳಿಯಬೇಕಿದ್ದ ಔಷಧಿ ಒಮ್ಮೆಲೇ ಒಳಗೆ ನುಗ್ಗಿ ಅವರ ಎದೆಬಡಿತ ನಿಂತುಬಿಟ್ಟಿತು. ಜನ ಓಡಿಬಂದು ನೋಡಿದಾಗ ಸಿರಿಂಜ್ ಖಾಲಿ. ಪಂಪಿನ ಪರದೆಯ ಮೇಲಿನ ಅಂಕಿ ಮಾತ್ರ ಸರಿಯಾಗಿಯೇ ಇತ್ತು. ಅಂದರೆ ಡ್ಯೂಟಿಯಲ್ಲಿದ್ದ ಚಿಕ್ಕ ಸಿಸ್ಟರ್ ಮೊದಲು ತಪ್ಪು ಅಂಕಿ ಒತ್ತಿದಳು, ಮೇಷ್ಟ್ರು ಸತ್ತ ಮೇಲೆ ಹೆದರಿ ಸರಿಮಾಡಿದಳು ಎಂದು ಆಸ್ಪತ್ರೆಯ ಸೂಪರಿಂಟೆಂಡೆಂಟರ ನೇತೃತ್ವದ ವಿಚಾರಣಾ ಸಮಿತಿ ತೀರ್ಮಾನಕ್ಕೆ ಬಂದಿತ್ತು. ಇವತ್ತು ಮಧ್ಯಾಹ್ನ ಅದಕ್ಕೆ ರುಜು ಬಿದ್ದರೆ ಅವಳು ಸೀದಾ ಠಾಣೆಗೆ.

ವಾರ್ಡಿನ ಇನ್‌ಚಾರ್ಜ್ ಆದ ದೊಡ್ಡ ಸಿಸ್ಟರ್ ಅವಳ ಸ್ವಂತ ಅಕ್ಕ. ತಾಯಿಯಿಲ್ಲದ ತಂಗಿಯನ್ನು ಸಾಕಿ, ನರ್ಸಿಂಗ್ ಓದಿಸಿ, ತಮ್ಮ ಕಣ್ಣೆದುರಿಗೇ ಕೆಲಸಕ್ಕೆ ನಿಲ್ಲಿಸಿದ್ದರು. ಗುಡುಗಮ್ಮನ ಮನೆಗೆ ಬಂದು, “ನನ್ನ ತಂಗಿ ತಪ್ಪೇ ಮಾಡಲ್ಲ ಅನ್ನಲ್ಲ ಅಮ್ಮ. ಆದ್ರೆ ಆ ಪಂಪನ್ನ ಆಮೇಲೆ ಮುಟ್ಟಿಲ್ಲ ಅಂತ ನನ್ನ ತಲೆ ಮುಟ್ಟಿ ಹೇಳಿದಾಳೆ,” ಎಂದು ಅತ್ತು ಕರೆತಂದವರು ಅವರೇ.

“ಪರೀಕ್ಷೆ ಮಾಡ್ದೆ ಅಂದ್ಯಲ್ಲ, ಎಲ್ಲಿ ಮಾಡ್ದೆ?” ಗುಡುಗಮ್ಮ ಕೇಳಿದರು.

“ಕೆಳಗೆ, ನನ್ನ ರೂಮಲ್ಲಿ. ಇನ್ನೆಲ್ಲಿ ಮಾಡ್ತಾರೆ ಮೇಡಂ?”

“ಇಲ್ಲಿ ಇಟ್ಟು ನೋಡ್ಲಿಲ್ವಾ? ಈ ಮಂಚದ ಪಕ್ಕ?”

“ರೋಗಿಗಳ ಮಧ್ಯೆ ರಿಪೇರಿ ಮಾಡಕ್ಕಾಗುತ್ತಾ? ಯಾವುದೇ ಯಂತ್ರ ಕೆಟ್ರೂ ಕೆಳಗೇ ತರೋದು. ಅದೇ ಪದ್ಧತಿ.”

“ಈ ಮೂಲೇಲಿ ಬೇರೆ ಯಾವುದಾದ್ರೂ ಯಂತ್ರ ತಂಟೆ ಮಾಡಿತ್ತಾ? ಈಚೆಗೆ?”

ಮೆಷಿನ್ ಡಾಕ್ಟರು ಕತ್ತು ಕೆರೆದುಕೊಂಡ. “ಮಾನಿಟರ್ ಒಂದೆರಡು ಸಲ ಸುಮ್‌ಸುಮ್ನೆ ಕಿರುಚಿಕೊಳ್ತು. ಎದೆಬಡಿತದ ಗೆರೆ ಅಂಕುಡೊಂಕಾಗೋದು. ಕೆಳಗೆ ತಗೊಂಡು ಹೋದ್ರೆ ಹಸು ಇದ್ದ ಹಾಗೆ ಇರ್ತಿತ್ತು. ಮೇಲೆ ತಂದ್ರೆ ಮತ್ತೆ ಅದೇ ರಾಗ.”

“ಅಯ್ಯೋ ಪುಣ್ಯಾತ್ಮ! ಅತ್ತೆಮನೇಲಿ ಕಾಯಿಲೆ, ತವರಿಗೆ ಬಂದ್ರೆ ಗಟ್ಟಿಮುಟ್ಟು. ಅಂದ ಮೇಲೆ ಕಾಯಿಲೆ ಸೊಸೇಲಿದೆಯೋ ಅತ್ತೆಮನೇಲಿದೆಯೋ? ಅಷ್ಟು ಓದಿದೀಯ, ಇದು ಹೊಳೀಲಿಲ್ವಾ?”

ಅವನ ಮುಖ ಕೆಂಪಾಯಿತು. ಗುಡುಗಮ್ಮ ಅದನ್ನು ನೋಡಲು ನಿಲ್ಲಲಿಲ್ಲ. ಮಂಚದ ಹಿಂದೆ ತೂರಿಕೊಂಡು, ಪಂಪಿಗೆ ವಿದ್ಯುತ್ ಕೊಡುವ ಸ್ವಿಚ್ ನೋಡಲೆಂದು ಗೋಡೆಗೆ ಬಗ್ಗಿದರು.

ಗುಂಯ್!

“ಏನೋ ಅದು, ದುಂಬಿ?” ಎಂದು ಕಿವಿಯ ಹತ್ತಿರ ಕೈಬೀಸಿದರು.

“ದುಂಬೀನಾ? ನನಗೇನೂ ಕೇಳಿಸ್ತಿಲ್ಲ ಮೇಡಂ.”

ಗುಡುಗಮ್ಮ ಹಿಂದಕ್ಕೆ ಬಂದರು. ಸದ್ದು ಸಣ್ಣಗಾಯಿತು. ಬಾಗಿಲ ತನಕ ನಡೆದರು, ಪೂರ್ತಿ ನಿಂತಿತು. ಮತ್ತೆ ಗೋಡೆಯ ಹತ್ತಿರ ಹೋದರೆ ಹಲ್ಲು ಜುಮ್ಮೆನ್ನುವ ಹಾಗೆ ಗುಂಯ್‌ಗುಡುತ್ತಿತ್ತು. ಕಿವಿಯಿಂದ ಮೆಷಿನ್ ಕಿತ್ತು ಕೈಯಲ್ಲಿ ಹಿಡಿದರು. ನಿಶ್ಶಬ್ದ. ಮತ್ತೆ ಹಾಕಿಕೊಂಡರೆ ಅದೇ ಗುಂಯ್.

ಸದ್ದು ವಾರ್ಡಿನಲ್ಲಿರಲಿಲ್ಲ. ಕಿವಿ ಮೆಷಿನ್ನಿನೊಳಗೇ ಹುಟ್ಟುತ್ತಿತ್ತು.

ಅವರು ಗೋಡೆಗೆ ಆನಿಕೊಂಡು ಕಾದರು. ಒಳ್ಳೆಯ ಎಡಗಿವಿಗೆ ಗೋಡೆಯಾಚೆಯಿಂದ ‘ಟಿಂಗ್’ ಎಂದು ಗಂಟೆ ಬಡಿದದ್ದು ಕೇಳಿಸಿತು. ಆ ಕ್ಷಣಕ್ಕೇ ಬಲಗಿವಿಯ ಗುಂಯ್ ಕತ್ತರಿಸಿದ ಹಾಗೆ ನಿಂತುಹೋಯಿತು.

“ಈ ಗೋಡೆ ಆಚೆ ಏನಿದೆ?”

“ಕಾವು ಡಾಕ್ಟರ ರೂಮು.”

*

ಕಾವು ಡಾಕ್ಟರು ಎಂದರೆ ಫಿಸಿಯೋಥೆರಪಿಸ್ಟ್. ಹಿಡಿದ ಭುಜ, ಬಿಗಿದ ಸೊಂಟ, ಸವೆದ ಕೀಲುಗಳಿಗೆ ಮೆಷಿನ್ನಿನಿಂದ ಕಾವು ಕೊಡುವ ಬಡಕಲು ಮನುಷ್ಯ. ಅವರ ದನಿ ಎಷ್ಟು ಸಣ್ಣದೆಂದರೆ ಗುಡುಗಮ್ಮ ಅವರ ಬಾಯಿಗೇ ಕಿವಿ ಇಡಬೇಕಾಯಿತು.

ಭುಜ ಹಿಡಿದ ಮುದುಕರೊಬ್ಬರು ಆಗತಾನೆ ಚಿಕಿತ್ಸೆ ಮುಗಿಸಿ ಅಂಗಿ ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಚಕ್ರಗಳ ಮೇಲೆ ನಿಂತ, ಬೀರುವಿನ ಅರ್ಧದಷ್ಟು ಎತ್ತರದ ಮೆಷಿನ್. ಅದರಿಂದ ಹೊರಟ ಎರಡು ದಪ್ಪ ವೈರುಗಳ ತುದಿಗೆ ಎರಡು ಮೆತ್ತೆ, ಕಟ್ಟಿಕೊಳ್ಳಲು ಪಟ್ಟಿ.

“ಬಿಸಿನೀರಿನ ಚೀಲ ಇಟ್ರೆ ಚರ್ಮ ಬಿಸಿಯಾಗುತ್ತೆ ಮೇಡಂ. ಇದು ಮಾಂಸದ ಒಳಗೇ ಕಾವು ಹುಟ್ಟಿಸುತ್ತೆ. ರೇಡಿಯೋ ಅಲೆ ಕಳಿಸುತ್ತೆ. ಸಣ್ಣ ರೇಡಿಯೋ ಸ್ಟೇಷನ್ ಅಂದ್ಕೊಳ್ಳಿ.”

“ಆ ಅಲೆ ಪಕ್ಕದ ರೂಮಿಗೂ ಹೋಗುತ್ತಾ?”

ಕಾವು ಡಾಕ್ಟರು ಗೋಡೆಯತ್ತ ನೋಡಿದರು. “ಹೋಗಬಾರದು ಅಂತಲೇ ಜಾಲರಿ ಇತ್ತು.”

“ಯಾವ ಜಾಲರಿ? ಎಲ್ಲಿತ್ತು?”

ಅವರು ಬೆರಳು ತೋರಿಸಿದ ಗೋಡೆಯ ಮೇಲೆ ಈಗ ದೊಡ್ಡ ಜಲಪಾತದ ಚಿತ್ರ ಅಂಟಿಸಿದ್ದರು. ಗುಡುಗಮ್ಮ ಮೂಲೆಯಲ್ಲಿ ಉಗುರು ಹಾಕಿ ಚಿತ್ರದ ಅಂಚನ್ನು ಎಬ್ಬಿಸಿದರು. ಗೋಡೆಯ ತುಂಬ ಮೊಳೆ ಕಿತ್ತ ತೂತುಗಳು. ಒಂದು ತೂತಿನಲ್ಲಿ ತಾಮ್ರದ ತಂತಿಯ ಚೂರು ಇನ್ನೂ ಸಿಕ್ಕಿಕೊಂಡಿತ್ತು.

“ಇಡೀ ರೂಮಿಗೆ ತಾಮ್ರದ ಜಾಲರಿ ಬಡಿದಿದ್ರು. ಗೋಡೆಗೆ, ಬಾಗಿಲಿಗೆ, ಎಲ್ಲದಕ್ಕೂ. ಅಲೆಗಳು ಅದನ್ನ ದಾಟ್ತಿರಲಿಲ್ಲ. ಮೊನ್ನೆ ಮೊನ್ನೆ ಆಸ್ಪತ್ರೆ ಚಂದ ಮಾಡ್ತೀವಿ ಅಂತ ಕಿತ್ರು. ಬೇಡ ಸಾರ್, ಪಕ್ಕದಲ್ಲಿ ವಾರ್ಡಿದೆ ಅಂದೆ. ಸೂಪರಿಂಟೆಂಡೆಂಟ್ ಸಾಹೇಬ್ರು ನಕ್ಕುಬಿಟ್ರು. ‘ಏನ್ರೀ ಇದು ಬಲೆ, ಇಲ್ಲಿ ಕೋಳಿ ಸಾಕ್ತೀರಾ?’ ಅಂದ್ರು.”

“ಆಮೇಲೆ?”

“ಗೋಡೆ ದಪ್ಪ ಇದೆ, ನಿಮ್ಮ ಕಾವು ದಾಟಲ್ಲ ಬಿಡಿ ಅಂದ್ರು. ಗೋಡೆ ಬಿಸಿ ತಡೆಯುತ್ತೆ ಮೇಡಂ. ಅಲೆ ತಡೆಯುತ್ತಾ?”

“ಆ ಜಾಲರಿ ಈಗೆಲ್ಲಿ?”

ಅವರು ಕಿಟಕಿಯತ್ತ ಕೈ ತೋರಿಸಿದರು.

ಕೆಳಗೆ, ಸೂಪರಿಂಟೆಂಡೆಂಟರ ಕೋಣೆಯ ಮುಂದಿನ ಜಗಲಿಯಲ್ಲಿ ಹೂಕುಂಡಗಳು ಸಾಲಾಗಿದ್ದವು. ಅಳಿಲುಗಳು ಮೊಗ್ಗು ಕಡಿಯದಂತೆ ಕುಂಡಗಳ ಸುತ್ತ ತಾಮ್ರದ ಜಾಲರಿಯನ್ನು ಬಳಸಿ ಕಟ್ಟಿದ್ದರು. ಬಿಸಿಲಿಗೆ ಅದು ಥಳಥಳ ಹೊಳೆಯುತ್ತಿತ್ತು.

ಗುಡುಗಮ್ಮನಿಗೆ ಮೈಯೆಲ್ಲ ಉರಿಯಿತು. ಮನುಷ್ಯರನ್ನು ಕಾಯಬೇಕಾದ ಜಾಲರಿ ಮೊಗ್ಗು ಕಾಯುತ್ತಿದೆ! ಅದನ್ನು ಕಿತ್ತವರು ಫ್ಯಾನಿನ ಕೆಳಗೆ ಕೂತು ಒಬ್ಬ ನರ್ಸಿನ ಹಣೆಬರಹ ಬರೆಯುತ್ತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತಿಗೆ ಜ್ವರ ಬರಿಸಿದವರ ಕೈಯಲ್ಲೇ ಬರೆಯ ಕಬ್ಬಿಣ.

“ಬನ್ನಿ, ಆ ಮೆಷಿನ್ ಮತ್ತೆ ಹಾಕಬೇಕು. ಎಲ್ಲರನ್ನೂ ವಾರ್ಡಿಗೆ ಎಳ್ಕೊಂಡು ಬರ್ತೀನಿ.”

“ಮೇಡಂ, ಇನ್ನೊಂದು ಮಾತು...”

“ಅದೇನಿದ್ರೂ ಎಲ್ಲರ ಮುಂದೆ ಆಡಿ!”

ಕೋಪ ಅವರ ಕಾಲಿಗೆ ಚಕ್ರ ಕಟ್ಟಿತ್ತು. ಹೊಸದಾಗಿ ಸೇರಿದ ಕಾನ್‌ಸ್ಟೇಬಲ್ ಕೂಡ ಮೊದಲು ಕೇಳುವ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ.

*

ಸೂಪರಿಂಟೆಂಡೆಂಟರು ನಗುತ್ತಲೇ ಬಂದರು. ಅವರು ಯಾವಾಗಲೂ ನಗುವವರು. ಹಿಂದೆ ಸಮಿತಿಯ ಇಬ್ಬರು ವೈದ್ಯರು, ಅವರ ಹಿಂದೆ ದೊಡ್ಡ ಸಿಸ್ಟರ್, ಅಕ್ಕನ ಸೆರಗಿನ ಮರೆಯಲ್ಲಿ ಎಂಬಂತೆ ಚಿಕ್ಕ ಸಿಸ್ಟರ್. ಹುಡುಗಿಯ ಕಣ್ಣುಗಳು ಅತ್ತು ಅತ್ತು ಬತ್ತಿಹೋಗಿದ್ದವು.

“ಮೇಡಂ, ನಾವೆಲ್ಲ ಒಂದೇ ಕುಟುಂಬ ಇದ್ದ ಹಾಗೆ,” ಎಂದರು ಸೂಪರಿಂಟೆಂಡೆಂಟರು. “ಈ ಮಗು ಮೇಲೆ ನನಗೇನು ದ್ವೇಷವೇ? ಆದ್ರೆ ಹೋದದ್ದು ಒಂದು ಜೀವ.”

“ಅದನ್ನೇ ನಾನೂ ಹೇಳ್ತಿರೋದು. ನಿಮ್ಮ ಕುಟುಂಬದಲ್ಲಿ ತಪ್ಪು ಯಾರದ್ದೇ ಆದ್ರೂ ಏಟು ಕಿರೀ ಸೊಸೆಗೇ ಬೀಳುತ್ತೆ ಅಂತ ಕಾಣುತ್ತೆ. ಪಂಪ್ ತಂದ್ಯೇನಪ್ಪ?”

ಮೆಷಿನ್ ಡಾಕ್ಟರು ಅದೇ ಪಂಪನ್ನು ತಂದು ಖಾಲಿ ಮಂಚದ ಪಕ್ಕದ ಕಂಬಕ್ಕೆ ಸಿಕ್ಕಿಸಿದ. ಸಿರಿಂಜಿನ ತುಂಬ ಬರೀ ನೀರು. ಅದರ ನಳಿಕೆಯ ತುದಿಯನ್ನು ಒಂದು ಬಟ್ಟಲಿಗೆ ಬಿಟ್ಟರು. ಮೇಷ್ಟ್ರಿಗೆ ಇಟ್ಟಿದ್ದ ಅಂಕಿಯನ್ನೇ ಒತ್ತಿದರು. ಪಂಪ್ ಶುರುವಾಯಿತು. ಬಟ್ಟಲಿಗೆ ಒಂದು ಹನಿ ಬೀಳಲಿಕ್ಕೂ ಕಾಯಬೇಕಾಯಿತು.

“ನೋಡಿ, ಸರಿಯಾಗೇ ಇದೆ,” ಎಂದರು ಸೂಪರಿಂಟೆಂಡೆಂಟರು.

“ಇರಲಿ. ಈಗ ಯಾರೂ ಪಂಪನ್ನ ಮುಟ್ಟಬೇಡಿ. ಎಲ್ಲರೂ ಕೈ ಕಟ್ಕೊಳ್ಳಿ. ನೀವೂ ಕಟ್ಕೊಳ್ಳಿ ಸಾಹೇಬ್ರೇ.”

ಗುಡುಗಮ್ಮ ಗೋಡೆಗೆ ಗುದ್ದಿದರು. ಆಚೆ ಕಾವು ಡಾಕ್ಟರು ಮೆತ್ತೆಗಳನ್ನು ತಮ್ಮ ತೊಡೆಗೇ ಕಟ್ಟಿಕೊಂಡು ಕೂತಿದ್ದರು. ಗುದ್ದು ಕೇಳಿದೊಡನೆ ಮೆಷಿನ್ ಹಾಕಬೇಕೆಂದು ಒಪ್ಪಂದವಾಗಿತ್ತು.

ಬಲಗಿವಿಯಲ್ಲಿ ಗುಂಯ್ ಶುರುವಾಯಿತು.

ಮೊದಲು ಏನೂ ಆಗಲಿಲ್ಲ. ಒಬ್ಬ ವೈದ್ಯರು ಗಡಿಯಾರ ನೋಡಿಕೊಂಡರು. ಆಮೇಲೆ ಪಂಪ್ ಒಮ್ಮೆ ಬಿಕ್ಕಿದ ಹಾಗೆ ಸದ್ದು ಮಾಡಿತು. ಸಿರಿಂಜಿನ ಹಿಡಿ ಎಲ್ಲರ ಕಣ್ಣೆದುರೇ ಜಾರತೊಡಗಿತು. ಹನಿ ಧಾರೆಯಾಯಿತು. ಯಾರೋ ಹೆಬ್ಬೆರಳಿಟ್ಟು ಒತ್ತುತ್ತಿರುವ ಹಾಗೆ ಹಿಡಿ ತುದಿಯ ತನಕ ಹೋಗಿ ನಿಂತಿತು.

ಸಿರಿಂಜ್ ಖಾಲಿಯಾಯಿತು. ಪರದೆಯ ಮೇಲಿನ ಅಂಕಿ ಇದ್ದ ಹಾಗೇ ಇತ್ತು.

ಮೆಷಿನ್ ಡಾಕ್ಟರು ಮಂಚದ ಅಂಚಿಗೆ ಕುಸಿದು, “ನಾನು ಕೆಳಗೆ ನೋಡಿದ್ದೆ... ಕೆಳಗೇ ನೋಡಿದ್ದೆ...” ಎಂದು ಗೊಣಗಿದ.

ಚಿಕ್ಕ ಸಿಸ್ಟರ್ ಕೈಗಳೆರಡನ್ನೂ ಬಾಯಿಗೆ ಒತ್ತಿಕೊಂಡಳು. “ಅಕ್ಕಾ, ನಾನಲ್ಲ. ನೋಡಿದ್ಯಾ, ನಾನಲ್ಲಕ್ಕ.” ದೊಡ್ಡ ಸಿಸ್ಟರ್ ತಂಗಿಯನ್ನು ಬಾಚಿ ತಬ್ಬಿಕೊಂಡರು. ಅವರ ಕಣ್ಣು ಮಾತ್ರ ಗೋಡೆಯ ಮೇಲಿತ್ತು.

ಗುಡುಗಮ್ಮನ ಸಿಟ್ಟಿನ ಕಟ್ಟೆ ಈಗ ಒಡೆಯಿತು.

“ಕಣ್ತುಂಬ ನೋಡಿದ್ರಾ ಸಾಹೇಬ್ರೇ? ಈ ಹುಡುಗಿ ಕೈ ಕಟ್ಕೊಂಡು ನಿಂತಿದ್ಲು. ಮೇಷ್ಟ್ರ ಹೆಂಡತಿ ಇವಳನ್ನ ಬೀದೀಲಿ ನಿಲ್ಲಿಸಿ, ಮುಖಕ್ಕೆ ಉಗಿದು, ‘ಕೊಲೆಗಾತಿ’ ಅಂದ್ರು. ಇವಳು ಒರೆಸ್ಕೊಂಡು ಮನೆಗೆ ಹೋದ್ಲು. ಆ ಉಗುಳು ಯಾರ ಮುಖಕ್ಕೆ ಬೀಳಬೇಕಿತ್ತು? ಜಾಲರಿ ಕಿತ್ತು ಹೂಕುಂಡಕ್ಕೆ ಸುತ್ತಿದವರು ಯಾರು? ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಗೋಡೆಗೆ ಜಲಪಾತ ಬೇಕಿತ್ತು, ಅಲ್ವಾ?”

ಸೂಪರಿಂಟೆಂಡೆಂಟರ ನಗು ಮೊದಲ ಬಾರಿಗೆ ಮಾಯವಾಯಿತು. ಸಮಿತಿಯ ವೈದ್ಯರಿಬ್ಬರೂ ಅವರಿಂದ ಒಂದು ಹೆಜ್ಜೆ ದೂರ ಸರಿದರು. ಗುಡುಗಮ್ಮ ಅದನ್ನು ಕಂಡು ಒಳಗೊಳಗೇ ಹಿಗ್ಗಿದರು. ಇನ್ನೊಂದು ಗಳಿಗೆಯಲ್ಲಿ ಆ ಹುಡುಗಿ ನಿರಪರಾಧಿ ಎಂದು ಅವರ ಬಾಯಿಂದಲೇ ಹೇಳಿಸಬೇಕು.

ಅಷ್ಟರಲ್ಲಿ ಕಾವು ಡಾಕ್ಟರು ತೊಡೆಯ ಪಟ್ಟಿ ಬಿಚ್ಚಿ ಬಾಗಿಲಿಗೆ ಬಂದು ನಿಂತರು.

ಸೂಪರಿಂಟೆಂಡೆಂಟರು ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಅವರತ್ತ ತಿರುಗಿದರು. “ಹಾಗಾದ್ರೆ ಮೇಷ್ಟ್ರು ಸತ್ತಾಗ ಈ ಮೆಷಿನ್ ಹಾಕಿದ್ದು ನೀವು!”

“ಇಲ್ಲ ಸಾರ್. ಅದನ್ನೇ ಮೇಡಂಗೆ ಹೇಳಕ್ಕೆ ಬಂದೆ, ಅವರು ಕೇಳಿಸ್ಕೊಳ್ಳಲಿಲ್ಲ. ಅವತ್ತು ನನ್ನ ವಾರದ ರಜೆ. ರೂಮಿಗೆ ಬೀಗ ಹಾಕಿತ್ತು.”

ಗುಡುಗಮ್ಮನಿಗೆ ನಿಂತ ನೆಲ ಜಾರಿದಂತಾಯಿತು. ಅವತ್ತು ಮೆಷಿನ್ ಓಡುತ್ತಿತ್ತೇ? ಕೇಳಬೇಕಾದ ಮೊದಲ ಪ್ರಶ್ನೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅವರ ತಾಯಿ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

“ಬೀಗ ಹಾಕಿದ ರೂಮಲ್ಲಿ ಮೆಷಿನ್ ತಾನೇ ಓಡ್ತಾ?” ಸೂಪರಿಂಟೆಂಡೆಂಟರ ದನಿಗೆ ಜೀವ ಬಂತು.

“ಯಾರೋ ಹಾಕಿದಾರೆ ಸಾರ್. ಮಾರನೇ ದಿನ ಬಂದು ನೋಡಿದ್ರೆ ಮೆತ್ತೆಗಳ ಪಟ್ಟಿ ಮಂಡಿ ಅಳತೆಗೆ ಬಿಗಿದಿತ್ತು. ನಾನು ಯಾವತ್ತೂ ಬಿಚ್ಚಿಟ್ಟು ಹೋಗೋನು. ಸಿಬ್ಬಂದಿ ಯಾರೋ ಮಂಡಿನೋವಿಗೆ ಕಾವು ಕೊಟ್ಕೊಂಡಿದಾರೆ ಅಂತ ಸುಮ್ನಾದೆ. ನನ್ನ ರಜೆ ದಿನ ಹಾಗೆ ಮಾಡ್ತಾರೆ. ಜಾಲರಿ ಇದ್ದಾಗಿನ ರೂಢಿ ಅಂತ ನಾನೂ ಕೇಳೋದಿಲ್ಲ.”

“ಬೀಗದ ಕೈ ಯಾರ ಹತ್ರ ಇರುತ್ತೆ?” ಸೂಪರಿಂಟೆಂಡೆಂಟರು ಕೇಳಿದರು.

“ಒಂದು ನನ್ನ ಹತ್ರ.” ಕಾವು ಡಾಕ್ಟರ ದನಿ ಇನ್ನೂ ಸಣ್ಣಗಾಯಿತು. “ಇನ್ನೊಂದು ಈ ವಾರ್ಡಲ್ಲಿ.”

ಗುಡುಗಮ್ಮ ತಿರುಗಿ ನೋಡಿದರು. ದೊಡ್ಡ ಸಿಸ್ಟರ್ ಮುಖದಲ್ಲಿ ರಕ್ತವೇ ಇರಲಿಲ್ಲ. ತಂಗಿಯ ಬೆನ್ನ ಮೇಲಿದ್ದ ಅವರ ಕೈ ಜಾರಿ, ತನ್ನಷ್ಟಕ್ಕೆ ತಾನೇ, ಬಲಮಂಡಿಯನ್ನು ಹಿಡಿದುಕೊಂಡಿತ್ತು. ಒಂದು ಆಯುಷ್ಯವೆಲ್ಲ ವಾರ್ಡಿನಲ್ಲಿ ನಿಂತೇ ಸವೆಸಿದ ಮಂಡಿ. ಊಟದ ಹೊತ್ತಿಗೆ ಸ್ವಲ್ಪ ಕಾವು ಕೊಟ್ಟುಕೊಂಡು, ಬೀಗ ಹಾಕಿ, ಮತ್ತೆ ಕೆಲಸಕ್ಕೆ ಓಡಿಬಂದಿದ್ದರು. ತಂಗಿಗೆ ಆದ ಅನ್ಯಾಯಕ್ಕೆ ಊರೆಲ್ಲ ಅಲೆದು ಪತ್ತೇದಾರಿಣಿಯನ್ನು ಹುಡುಕಿ ತಂದ ಹೆಂಗಸಿಗೆ, ಪತ್ತೆಯಾಗಬೇಕಿದ್ದವಳು ತಾನೇ ಎಂದು ಈ ಗಳಿಗೆಯ ತನಕ ಗೊತ್ತಿರಲಿಲ್ಲ.

ಗುಡುಗಮ್ಮ ಆ ಮಂಡಿಯಿಂದ ಗೋಡೆಯತ್ತ ಕಣ್ಣು ಹೊರಳಿಸಿದರು. ಈ ಹೆಂಗಸಿನದು ಏನು ತಪ್ಪು? ಜಾಲರಿ ಇದ್ದಿದ್ದರೆ ಅವರು ದಿನವಿಡೀ ಕಾವು ಕೊಟ್ಟುಕೊಂಡಿದ್ದರೂ ಮೇಷ್ಟ್ರ ಕೂದಲು ಕೊಂಕುತ್ತಿರಲಿಲ್ಲ.

ಸೂಪರಿಂಟೆಂಡೆಂಟರು ಗಂಟಲು ಸರಿಮಾಡಿಕೊಂಡರು. ನಗು ತನ್ನ ಜಾಗಕ್ಕೆ ಮರಳಿತ್ತು.

“ಈಗ ವಿಷಯ ಬೇರೆ ಆಯ್ತು. ನರ್ಸು ತಪ್ಪು ಅಂಕಿ ಒತ್ತಿದ್ರೆ ಅದು ಅಜಾಗರೂಕತೆ. ಯಾರೋ ಕದ್ದು ಬೀಗ ತೆಗೆದು ಮೆಷಿನ್ ಹಾಕಿದ್ರೆ ಅದು ಕೊಲೆ. ಹಾಕಿದವರು ಯಾರು ಅಂತ ಗೊತ್ತಾಗ್ಲೇಬೇಕು. ಏನು ದೊಡ್ಡ ಸಿಸ್ಟರ್, ಬೀಗದ ಕೈ ನಿಮ್ಮ ಹತ್ರಾನೇ ಇರುತ್ತಲ್ವಾ?”

“ಜಾಲರಿ ವಿಷಯ ಮುಗಿದಿಲ್ಲ!” ಗುಡುಗಮ್ಮ ಅಬ್ಬರಿಸಿದರು. “ಕಿತ್ತವರನ್ನ ಬಿಟ್ಟು...”

“ಅದನ್ನೂ ನೋಡೋಣ ಮೇಡಂ. ಮೊದಲು ಇದು.”

ದೊಡ್ಡ ಸಿಸ್ಟರ್ ಬಾಯಿ ತೆರೆದರು. ಅವರು ಸುಳ್ಳು ಹೇಳುವವರಲ್ಲ. “ಸಾರ್, ಅವತ್ತು ನಾನು...”

“ಸಾರ್, ಬರ್ಕೊಳ್ಳಿ!”

ದನಿ ಚಿಕ್ಕ ಸಿಸ್ಟರದು. ಒಂದು ವಾರದಿಂದ ಯಾರ ಮುಂದೆಯೂ ತಲೆಯೆತ್ತದ ಹುಡುಗಿ ಈಗ ಸೂಪರಿಂಟೆಂಡೆಂಟರನ್ನು ನೆಟ್ಟಗೆ ನೋಡುತ್ತಿದ್ದಳು. ಅವಳ ಎಡಗೈ ಅಕ್ಕನ ಮಣಿಕಟ್ಟನ್ನು ಗೆಣ್ಣು ಬಿಳುಪೇರುವಷ್ಟು ಬಿಗಿಯಾಗಿ ಹಿಡಿದಿತ್ತು.

“ಅವತ್ತು ಯಾರೂ ಯಾವ ಮೆಷಿನ್ನೂ ಹಾಕಿಲ್ಲ. ಸೊನ್ನೆ ಜಾಸ್ತಿ ಒತ್ತಿದ್ದು ನಾನೇ. ಮೇಷ್ಟ್ರು ಹೋದ್ಮೇಲೆ ಹೆದರಿ ಸರಿಮಾಡಿದ್ದೂ ನಾನೇ. ಬರ್ಕೊಳ್ಳಿ ಸಾರ್, ರುಜು ಹಾಕ್ತೀನಿ.”

“ಸುಳ್ಳು!” ಎಂದು ಗುಡುಗಮ್ಮ ಕೂಗಬೇಕೆಂದಿದ್ದರು. ಆದರೆ ಆ ಸುಳ್ಳನ್ನು ಒಡೆಯಬೇಕಾದರೆ, ತಮ್ಮ ಮನೆಯ ಬಾಗಿಲಲ್ಲಿ ಅತ್ತ ಹೆಂಗಸನ್ನು ಕೊಲೆಗಾತಿ ಎಂದು ಈ ನಗುವ ಮನುಷ್ಯನ ಕೈಗೆ ಒಪ್ಪಿಸಬೇಕು.

ಮೆಷಿನ್ನೇ ಓಡಿಲ್ಲವೆಂದರೆ ಜಾಲರಿಯ ಪ್ರಶ್ನೆಯೂ ಇಲ್ಲ. ಸೂಪರಿಂಟೆಂಡೆಂಟರು ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಹುಡುಗಿಯತ್ತ ಚಾಚಿದರು.

“ಬಿಡೇ ಕೈನ,” ಎಂದರು ದೊಡ್ಡ ಸಿಸ್ಟರ್. “ನನ್ನ ಕೈ ಬಿಡು ಅಂದೆ.”

ತಂಗಿ ಬಿಡಲಿಲ್ಲ. ಇನ್ನೊಂದು ಕೈಯಿಂದ ಪೆನ್ನು ತೆಗೆದುಕೊಂಡಳು.